ತಪ್ಪು ಉತ್ತರ ಕೊಟ್ಟವರಿಗೆ ಇಷ್ಟು ಮರ್ಯಾದೆ ಯಾಕೆ?

ಪ್ರಶ್ನೆ: ಎಲ್ಲದರ ಮೂಲ ನೀರು ಎಂದ ಥೇಲ್ಸ್‌ನ ಮಾತು ತಪ್ಪೆಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಆದರೂ ವಿಜ್ಞಾನದ ಚರಿತ್ರೆಯನ್ನು ಅವನಿಂದಲೇ ಶುರು ಮಾಡುತ್ತಾರಲ್ಲ, ಏಕೆ?
– ಓದುಗರು, ಧಾರವಾಡ

ಉತ್ತರ: ಉತ್ತರ ತಪ್ಪು, ನಿಜ. ಅದು ಎಂಥ ಉತ್ತರ ಎಂದು ನೋಡಿ. ಥೇಲ್ಸ್ ಕ್ರಿ.ಪೂ. 6ನೇ ಶತಮಾನದವನು, ಈಗಿನ ಟರ್ಕಿಯ ಕರಾವಳಿಯಲ್ಲಿದ್ದ ಮಿಲೇಟಸ್ ಅವನ ಊರು. ನೆಲ ನಡುಗಿದರೆ ಪೊಸೈಡನ್ ದೇವರು ಮುನಿದನೆಂದು ಜನ ನಂಬಿದ್ದ ಕಾಲದಲ್ಲಿ, ಭೂಮಿ ನೀರಿನ ಮೇಲೆ ತೇಲುತ್ತಿದೆ, ನೀರು ಅಲುಗಿದಾಗ ಅದೂ ಅಲುಗುತ್ತದೆ ಎಂದ. ದೇವರ ಮುನಿಸಿನ ಜೊತೆ ವಾದಕ್ಕಿಳಿಯಲಾಗದು, ನೀರಿನ ಮಾತಾದರೆ ಇಳಿಯಬಹುದು. ಆ ನೀರು ಯಾವುದರ ಮೇಲೆ ನಿಂತಿದೆ ಎಂದು ಮುಂದೆ ಅರಿಸ್ಟಾಟಲ್ ಕೇಳಿಯೇ ಕೇಳಿದ. ಅದಕ್ಕೂ ಮೊದಲೇ, ಥೇಲ್ಸ್‌ನ ಶಿಷ್ಯನೆಂದು ಹೆಸರಾದ ಅನಾಕ್ಸಿಮ್ಯಾಂಡರ್ ಬೇರೆ ದಾರಿ ಹಿಡಿದಿದ್ದ: ಭೂಮಿಯನ್ನು ಯಾವುದೂ ಹೊತ್ತಿಲ್ಲ, ಸುತ್ತಲಿನ ಎಲ್ಲದರಿಂದಲೂ ಸಮದೂರದಲ್ಲಿರುವುದರಿಂದ ಇಂಥ ಕಡೆಗೇ ಬೀಳಲು ಅದಕ್ಕೆ ಕಾರಣವಿಲ್ಲ.

ಪ್ರಶ್ನೆ: ಇವರೆಲ್ಲ ಪ್ರಯೋಗ ಮಾಡುತ್ತಿದ್ದರೇ, ಬರೀ ಕೂತು ಯೋಚಿಸುತ್ತಿದ್ದರೇ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಯೋಚನೆಯೇ ಹೆಚ್ಚು. ಮಿಲೇಟಸ್‌ನವನೇ ಆದ ಅನಾಕ್ಸಿಮಿನಿಸ್ ತೋರಿಸಿದ್ದನ್ನು ನೀವೂ ಮಾಡಿ ನೋಡಿ. ಬಾಯಿ ಅಗಲಿಸಿ ಅಂಗೈ ಮೇಲೆ ಉಸಿರು ಬಿಡಿ, ಬೆಚ್ಚಗಿರುತ್ತದೆ. ತುಟಿ ಕಿರಿದು ಮಾಡಿ ಊದಿ, ತಣ್ಣಗಿರುತ್ತದೆ. ಹಾಗಾದರೆ ಗಾಳಿ ಒತ್ತಾದಂತೆ ತಣಿಯುತ್ತದೆ, ತೆಳುವಾದಂತೆ ಕಾಯುತ್ತದೆ ಎಂದು ಅವನು ತೀರ್ಮಾನಿಸಿದ. ಗಾಳಿಯೇ ಒತ್ತಾಗುತ್ತಾ ಮೋಡ, ನೀರು, ಮಣ್ಣು, ಕಲ್ಲು ಆಯಿತು ಎಂಬುದು ಅವನ ಸಿದ್ಧಾಂತ. ಆದರೆ ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಮುಟ್ಟಿ ನೋಡಿ: ಒತ್ತಿದ ಗಾಳಿ ಬಿಸಿಯಾಗುತ್ತದೆ! ಊದಿದ ಉಸಿರು ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಚರ್ಮದ ತೇವವನ್ನೂ ಆರಿಸುತ್ತದೆ, ಅದಕ್ಕೇ ತಂಪು. ಗಮನಿಸಿದ್ದು ಸರಿಯಿತ್ತು, ಇನ್ನೊಂದು ರೀತಿಯಲ್ಲಿ ಪರೀಕ್ಷಿಸುವ ರೂಢಿ ಇರಲಿಲ್ಲ.

ಪ್ರಶ್ನೆ: ಹಾಗಿದ್ದರೆ ಎಲ್ಲವೂ ಗ್ರೀಕರಿಂದಲೇ ಶುರುವಾಯಿತೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಇಲ್ಲ. ಬ್ಯಾಬಿಲೋನಿಯಾದವರು ಶತಮಾನಗಳ ಕಾಲ ಗ್ರಹಣಗಳ ಲೆಕ್ಕವನ್ನು ಜೇಡಿಮಣ್ಣಿನ ಫಲಕಗಳಲ್ಲಿ ಬರೆದಿಟ್ಟಿದ್ದರು. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಟಾಲೆಮಿ ಚಂದ್ರನ ಚಲನೆಯನ್ನು ಲೆಕ್ಕ ಹಾಕಲು ಕೂತಾಗ, ಕ್ರಿ.ಪೂ. 721ರ ಬ್ಯಾಬಿಲೋನಿಯಾದ ಚಂದ್ರಗ್ರಹಣದ ದಾಖಲೆಯನ್ನೂ ಬಳಸಿಕೊಂಡ. ಕಾರಣ ಹುಡುಕುವ ಹಟ ಗ್ರೀಕರದು. ಆ ಹಟಕ್ಕೆ ಬೇಕಾದ ಲೆಕ್ಕದ ಎಷ್ಟೋ ಭಾಗ ಪೂರ್ವದವರದು.