ವೆಬ್‌ಸೈಟ್ ಇದೆ, ಗಿರಾಕಿ ಇಲ್ಲ

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನವಳು, ವಯಸ್ಸು 41. ಮನೆಯಲ್ಲೇ ಮುರುಗಲು ಶರಬತ್ತು, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಕಳೆದ ಜೂನ್‌ನಲ್ಲಿ ನನ್ನ ಭಾವನ ಮಗ ವೆಬ್‌ಸೈಟ್ ಮಾಡಿಕೊಟ್ಟ. ಕೂಡಿಟ್ಟ ಹಣದಲ್ಲಿ ಫೋಟೊ ತೆಗೆಸಿದೆ, ಲೇಬಲ್ ಮಾಡಿಸಿದೆ. ಈ ಏಳು ತಿಂಗಳಲ್ಲಿ ನಾಲ್ಕೈದು ಆರ್ಡರ್ ಬಿಟ್ಟರೆ ಏನೂ ಇಲ್ಲ. ಅವನೀಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಬೆಲೆ ಬದಲಿಸಬೇಕೆಂದರೂ ಅವನನ್ನೇ ಕೇಳಬೇಕು. ಪುಕ್ಕಟೆ ಮಾಡಿಕೊಟ್ಟವನಿಗೆ ಪದೇ ಪದೇ ಫೋನ್ ಮಾಡಲು ಸಂಕೋಚ. ಮನೆಗೆ ಬಂದವರೆಲ್ಲ ‘ಎಂತ ಆಯ್ತು ನಿನ್ನ ಆನ್‌ಲೈನ್ ಅಂಗಡಿ?’ ಎನ್ನುತ್ತಾರೆ. ನಿದ್ದೆ ಬರುವುದಿಲ್ಲ. ಮುಚ್ಚಿಬಿಡಲೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನಷ್ಟದ ಲೆಕ್ಕಕ್ಕಿಂತ ನಾಚಿಕೆಯ ಮಾತೇ ಹೆಚ್ಚಿದೆ. ಅದು ಸಹಜ. ಹಪ್ಪಳ ಡಬ್ಬಿಯಲ್ಲೇ ಉಳಿದರೆ ಮನೆಯವರಿಗಷ್ಟೇ ಗೊತ್ತಾಗುತ್ತದೆ. ವೆಬ್‌ಸೈಟನ್ನು ನೀವು ನೆಂಟರಿಷ್ಟರಿಗೆಲ್ಲ ಹೇಳಿ ಶುರು ಮಾಡಿದ್ದೀರಿ. ನಾಲ್ಕು ಜನರ ಎದುರು ಶುರು ಮಾಡಿದ ಕೆಲಸ ನಿಧಾನವಾದರೆ ಎಲ್ಲರ ಕಣ್ಣೂ ನಮ್ಮ ಮೇಲೇ ಇದೆ ಅನ್ನಿಸುತ್ತದೆ. ಆದರೆ ‘ಎಂತ ಆಯ್ತು’ ಎನ್ನುವವರಲ್ಲಿ ಹೆಚ್ಚಿನವರು ಮಾತಿಗೆ ಕೇಳುತ್ತಾರೆ, ಚಹಾ ಕುಡಿದು ಹೋಗುವಷ್ಟರಲ್ಲಿ ಮರೆಯುತ್ತಾರೆ. ರಾತ್ರಿಯೆಲ್ಲ ಅದಕ್ಕೆ ಉತ್ತರ ಹುಡುಕುತ್ತ ಮಲಗುವವರು ನೀವೊಬ್ಬರೇ.

ಮುಚ್ಚುವ ಮಾತು ಆಮೇಲೆ. ನೀವು ಶುರು ಮಾಡಿದ್ದು ಜೂನ್‌ನಲ್ಲಿ. ಜಡಿಮಳೆಯಲ್ಲಿ ತಂಪು ಶರಬತ್ತು ಯಾರಿಗೆ ಬೇಕು? ಮುರುಗಲಿಗೆ ಕೇಳಿಕೆ ಬರುವುದೇ ಬಿಸಿಲೇರಿದ ಮೇಲೆ. ನಿಮ್ಮ ಅಂಗಡಿ ಇನ್ನೂ ಒಂದು ಬೇಸಿಗೆಯನ್ನೂ ಕಂಡಿಲ್ಲ. ಹಾಗಿರುವಾಗ ಅದು ಸೋತಿತು ಎಂದು ತೀರ್ಮಾನಿಸುವುದು ಅವಸರವಾದೀತು.

ಕುಮಟಾದ ಸಿಹಿ ಈರುಳ್ಳಿ ಬೆಳೆಗಾರರನ್ನು ನೀವು ನೋಡಿಯೇ ಇರುತ್ತೀರಿ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ 66ರ ಬದಿಗೆ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕುತ್ತಾರೆ. ಗಿರಾಕಿ ಗದ್ದೆ ಹುಡುಕಿಕೊಂಡು ಬರಲಿ ಎಂದು ಅವರು ಕಾಯುವುದಿಲ್ಲ. ನಿಮ್ಮ ಸರಕು ಈಗ ಗದ್ದೆಯಲ್ಲೇ ಇದೆ. ವೆಬ್‌ಸೈಟ್ ತಾನಾಗಿ ಗಿರಾಕಿಯನ್ನು ಕರೆತರುವುದಿಲ್ಲ. ಬಂದವರಿಗೆ ನಂಬಿಕೆ ಹುಟ್ಟಿಸುವುದಷ್ಟೇ ಅದರ ಕೆಲಸ. ಈಗಾಗಲೇ ನಿಮ್ಮ ಕೈರುಚಿ ಗೊತ್ತಿರುವವರಿಂದಲೇ ಶುರು ಮಾಡಿ. ಪ್ರತಿ ಬಾಟಲಿಯ ಲೇಬಲ್ ಮೇಲೆ ವಿಳಾಸ, ಕ್ಯೂಆರ್ ಕೋಡ್ ಇರಲಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಉದ್ಯಮದ ಹೆಸರು, ಫೋನ್ ನಂಬರ್ ಸೇರಿಸಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಇಡಗುಂಜಿ, ಮುರುಡೇಶ್ವರ, ಕಾಸರಕೋಡಿಗೆ ಬರುವ ಪ್ರವಾಸಿಗಳು ನಿಮ್ಮ ಹತ್ತಿರದ ದಾರಿಯಲ್ಲೇ ಓಡಾಡುತ್ತಾರೆ. ಪರಿಚಯದ ಒಂದು ಹೋಂಸ್ಟೇ, ಒಂದು ಅಂಗಡಿಯಲ್ಲಿ ಸಣ್ಣ ಚೀಟಿ ಇಟ್ಟರೂ ಸಾಕು, ಸದ್ಯಕ್ಕೆ.

ಇನ್ನು ನಿಮ್ಮನ್ನು ಹೆಚ್ಚು ಕಾಡುತ್ತಿರುವ ವಿಷಯ. ಭಾವನ ಮಗನನ್ನು ಕೇಳುವುದಕ್ಕೆ ನೀವು ಹಿಂಜರಿಯುತ್ತಿದ್ದೀರಿ. ಅವನಾದರೋ ‘ಚಿಕ್ಕಿ ಏನೂ ಕೇಳಲಿಲ್ಲ, ಎಲ್ಲ ಸರಿ ಇರಬೇಕು’ ಎಂದುಕೊಂಡಿರಬಹುದು. ಪಾಸ್‌ವರ್ಡ್ ಕೇಳಿದರೆ ನಂಬಿಕೆ ಇಲ್ಲ ಎಂದಾಗುವುದಿಲ್ಲ. ಮನೆ ಕಟ್ಟಿದ ಮೇಸ್ತ್ರಿಯಿಂದ ಬೀಗದ ಕೈ ಇಸಿದುಕೊಳ್ಳಲು ಯಾರೂ ನಾಚುವುದಿಲ್ಲ. ಹೀಗೆ ಒಂದು ಸಂದೇಶ ಕಳಿಸಿ: ‘ಮಗಾ, ನೀನು ಮಾಡಿಕೊಟ್ಟದ್ದನ್ನು ನಾನೇ ನೋಡಿಕೊಳ್ಳಲು ಕಲಿಯಬೇಕು. ಡೊಮೇನ್ ಯಾರ ಹೆಸರಲ್ಲಿದೆ, ಯಾವ ತಾರೀಕಿಗೆ ಹಣ ಕಟ್ಟಬೇಕು, ಬೆಲೆ ಹೇಗೆ ಬದಲಿಸಬೇಕು, ಈ ಭಾನುವಾರ ವಿಡಿಯೊ ಕಾಲ್‌ನಲ್ಲಿ ತೋರಿಸಿಕೊಡು.’ ಅವನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡೊಮೇನ್ ಎಂದರೆ ನಿಮ್ಮ ವೆಬ್‌ಸೈಟಿನ ವಿಳಾಸ. ಸಾಮಾನ್ಯವಾಗಿ ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದು, ಆಮೇಲೆ ಸಿಗುವ ಅವಕಾಶವೂ ದಾಟಿದರೆ ಆ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು. ಜೂನ್ ದೂರವಿಲ್ಲ, ಆದ್ದರಿಂದ ಈ ಒಂದು ಕೆಲಸವನ್ನು ಮುಂದೂಡಬೇಡಿ. ‘ಕೂಡಲೇ ಹಣ ಕಟ್ಟಿ’ ಎಂದು ಅಪರಿಚಿತರಿಂದ ಬರುವ ಲಿಂಕ್ ಒತ್ತಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ ಎಂಬುದೂ ನೆನಪಿರಲಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಲಾಗಿನ್ ಕೈಗೆ ಬಂದ ಮೇಲೆ ಬೆಲೆ, ಪಾರ್ಸೆಲ್ ಖರ್ಚು, ತಲುಪಲು ಬೇಕಾಗುವ ದಿನ, ಎಫ್‌ಎಸ್‌ಎಸ್‌ಎಐ ನಂಬರ್ ಇಷ್ಟನ್ನು ಎದ್ದು ಕಾಣುವಂತೆ ಹಾಕಿ. ದೂರದ ಊರಿಗೆ ಶರಬತ್ತಿನ ಬಾಟಲಿಗಿಂತ ಒಣ ಮುರುಗಲು ಸಿಪ್ಪೆ, ಹಪ್ಪಳ ಕಳಿಸುವುದು ಸುಲಭ, ಸೋರುವ ಭಯವಿಲ್ಲ. ಗೋವಾ, ಮುಂಬೈಗೆ ಮಾರುವ ಮೊದಲು ತೆರಿಗೆ ಸಲಹೆಗಾರರನ್ನು ಒಮ್ಮೆ ಕಾಣಿ, ಹೊರರಾಜ್ಯದ ಮಾರಾಟಕ್ಕೆ ಜಿಎಸ್‌ಟಿ ನಿಯಮ ಬೇರೆ. ಕುಮಟಾದಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಅಲ್ಲಿ ತರಬೇತಿ ಉಚಿತ. ನಿಮ್ಮಂತೆಯೇ ಹೊಸದಾಗಿ ಶುರು ಮಾಡಿದ ಹೆಂಗಸರ ಪರಿಚಯವೂ ಆದೀತು. ಈಗ ನಿಮಗೆ ಅದು ಬೇಕು ಎಂದು ನನಗನ್ನಿಸುತ್ತದೆ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರ ದಾಟಿಯೂ ಹೀಗೇ ಇದ್ದರೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಮೇ ಕೊನೆಯವರೆಗೆ ನಡೆಸಿ ನೋಡಿ. ಆಗಲೂ ಕೈಹಿಡಿಯದಿದ್ದರೆ ವೆಬ್‌ಸೈಟ್ ನಿಲ್ಲಿಸಿ, ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳಿ. ಆಗ ನಿಲ್ಲುವುದು ವೆಬ್‌ಸೈಟ್ ಮಾತ್ರ, ನಿಮ್ಮ ವ್ಯಾಪಾರವಲ್ಲ.

ಚಿಕ್ಕಮ್ಮನಿಗೋ ಅತ್ತೆಗೋ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹುಡುಗಿಯರೂ ಇದನ್ನು ಓದುತ್ತಿರಬಹುದು. ಅವರಾಗಿ ಕೇಳಲಿ ಎಂದು ಕಾಯಬೇಡಿ. ಡೊಮೇನನ್ನು ಅವರ ಹೆಸರಿಗೆ ಮಾಡಿ, ಪಾಸ್‌ವರ್ಡ್ ಕೊಡಿ, ಬೆಲೆ ಬದಲಿಸುವುದನ್ನು ಪಕ್ಕದಲ್ಲಿ ಕೂತು ಕಲಿಸಿ.