ಮನೆಗೂ ಶಾಲೆಗೂ ನಡುವಿನ ದೂತ



ನೀವು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಿಮ್ಮನ್ನು ಕರೆದೊಯ್ಯಲು ತಾಯಿಯೋ ಅಜ್ಜಿಯೋ ಶಾಲೆಯ ಬಾಗಿಲಿಗೆ ಬರುತ್ತಿದ್ದರು. ಹಾಗೆ ಬಂದವರು ನಿಮ್ಮ ಶಿಕ್ಷಕರೊಡನೆ ಎರಡು ಮಾತನಾಡದೆ ಹಿಂತಿರುಗುತ್ತಿರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ನೀವು ಬಸ್ಸನ್ನೋ ಲೋಕಲ್ ಗಾಡಿಯನ್ನೋ ಹಿಡಿದು ನೀವಾಗಿಯೇ ಬಂದು ಹೋಗತೊಡಗಿದಿರಿ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬಾಗಿಲಿನ ಬಳಿಯ ಆ ಎರಡು ಮಾತು ಅಂದಿಗೇ ನಿಂತುಹೋಯಿತು. ಪಾಠಗಳು ಕಠಿನವಾಗುವ ಕಾಲಕ್ಕೆ ಸರಿಯಾಗಿ ಮನೆಗೆ ಮುಟ್ಟುವ ಸುದ್ದಿ ಕಡಿಮೆಯಾಗುವುದು ವಿಚಿತ್ರವಲ್ಲವೆ? ಆ ಸುದ್ದಿಯನ್ನು ಇನ್ನು ಮುಟ್ಟಿಸಬೇಕಾದವರು ಯಾರು, ಹೇಗೆ ಎಂಬುದೇ ಈ ಪಾಠದ ವಿಷಯ.

ಶಿಕ್ಷಕರ ಕರ್ತವ್ಯ

ಮೊದಲು ನಮ್ಮ ಪಾಲಿನ ಹೊಣೆಯನ್ನು ಹೇಳುವೆವು. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯು 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 24ನೆಯ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಎಣಿಸಿದ್ದಾರೆ. ತಂದೆತಾಯಿಗಳೊಡನೆ ಕ್ರಮವಾಗಿ ಸಭೆ ಸೇರಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿಯ ಪ್ರಗತಿ ಇವುಗಳನ್ನು ಅವರಿಗೆ ತಿಳಿಸುವುದೂ ಆ ಕರ್ತವ್ಯಗಳಲ್ಲಿ ಒಂದು. ಈ ಕಾಯಿದೆಯ ವ್ಯಾಪ್ತಿ ಎಂಟನೆಯ ಇಯತ್ತೆಯವರೆಗೆ ಮಾತ್ರ. ಆದರೆ ಒಂಬತ್ತು, ಹತ್ತನೆಯ ಇಯತ್ತೆಗಳಲ್ಲಿ ತಿಳಿಸುವ ಅಗತ್ಯವು ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಎರಡು ಉದಾಹರಣೆಗಳನ್ನು ನೋಡಿರಿ. ನಮ್ಮ ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಗೆ ಕೂಡಲು ಶೇಕಡಾ 75ರಷ್ಟು ಹಾಜರಿ ಬೇಕು. ಶಾಲೆ 200 ದಿನ ನಡೆದರೆ 150 ದಿನ ನೀವು ತರಗತಿಯಲ್ಲಿರಬೇಕು. ಊರಿನ ಮದುವೆಗೆಂದು ಹತ್ತು ದಿನ, ಜಾತ್ರೆಗೆಂದು ಎಂಟು ದಿನ, ಬೇಸಿಗೆಯ ರಜೆ ಮುಗಿದರೂ ಹಿಂತಿರುಗಲು ರೈಲಿನ ಟಿಕೇಟು ಸಿಗದೆ ಮತ್ತೆ ಹತ್ತು ದಿನ, ಹೀಗೆ ಕಳೆದರೆ ಉಳಿಯುವುದೆಷ್ಟು? ಈ ಲೆಕ್ಕ ತಂದೆಗೆ ತಿಳಿದಿದ್ದರೆ ಅವರು ಟಿಕೇಟನ್ನು ಮೊದಲೇ ತೆಗೆಸುತ್ತಿದ್ದರು. ಇನ್ನೊಂದು: ಈಗಿನ ಪದ್ಧತಿಯಂತೆ ಮುಖ್ಯ ವಿಷಯಗಳಲ್ಲಿ 80 ಅಂಕಗಳು ಬರವಣಿಗೆಯ ಪರೀಕ್ಷೆಗೂ 20 ಅಂಕಗಳು ಶಾಲೆಯಲ್ಲಿಯೇ ನಡೆಯುವ ಮೌಖಿಕ, ಪ್ರಯೋಗ, ಗೃಹಪಾಠಗಳಿಗೂ ಮೀಸಲು. ಎಲ್ಲವೂ ಕಡೆಯ ಪರೀಕ್ಷೆಯಲ್ಲಿಯೇ ಎಂದು ತಿಳಿದ ತಾಯಿಗೆ ಪ್ರಯೋಗದ ವಹಿ ಏಕೆ ಮುಖ್ಯವೆಂಬುದು ತಿಳಿಯುವ ಬಗೆ ಯಾವುದು?

ಕನ್ನಡದಲ್ಲಿದ್ದ ಸಹಿ

ನಾವು ಹಿಂದೆ ಕಂಡ ಒಂದು ಸಂಗತಿಯನ್ನು ಹೆಸರು ಹೇಳದೆ ಇಲ್ಲಿ ತಿಳಿಸುವೆವು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗ. ತಂದೆಗೆ ಹೋಟೆಲಿನಲ್ಲಿ ಕೆಲಸ. ಮನೆಗೆ ಬರುವಾಗ ರಾತ್ರಿ ಹನ್ನೆರಡು. ಮಗ ಶಾಲೆಗೆ ಹೊರಡುವಾಗ ಅವರಿಗೆ ನಿದ್ರೆ. ಗಣಿತದಲ್ಲಿ ಹುಡುಗನ ಅಂಕಗಳು ಇಳಿಯುತ್ತ ಬಂದವು. ಪ್ರಗತಿಪುಸ್ತಕದಲ್ಲಿ ಪ್ರತಿ ಸಲವೂ ತಂದೆಯ ಸಹಿ ಇರುತ್ತಿತ್ತು. ಸಹಿಯನ್ನು ಕಂಡು ನಾವು ಸಮಾಧಾನಪಟ್ಟೆವು.

ನಾಲ್ಕು ತಿಂಗಳ ಬಳಿಕ ತಾಯಿ ಒಂದು ದಾಖಲೆಗಾಗಿ ಶಾಲೆಗೆ ಬಂದರು. ಪುಸ್ತಕವನ್ನು ತೋರಿಸಿದಾಗ ಅವರು ಬಹಳ ಹೊತ್ತು ಸಹಿಯನ್ನೇ ನೋಡಿ, “ಗುರುಗಳೇ, ಇವನ ಅಪ್ಪ ಸಹಿ ಹಾಕುವುದು ಕನ್ನಡದಲ್ಲಿ,” ಎಂದರು. ಪುಸ್ತಕದಲ್ಲಿದ್ದುದು ಇಂಗ್ಲಿಷ್ ಸಹಿ. ಹುಡುಗ ತಲೆ ತಗ್ಗಿಸಿ ನಿಂತನು.

ಮಾತು ಅಲ್ಲಿಗೇ ಮುಗಿಯಲಿಲ್ಲ. ಆತ ಹಲಗೆಯ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುವನೆಂದು ನಾವು ಹೇಳಿದೆವು. ಮನೆಯಲ್ಲಿ ಪುಸ್ತಕವನ್ನು ಮೂಗಿಗೆ ತಾಗಿಸಿಯೇ ಓದುವನೆಂದು ತಾಯಿ ಹೇಳಿದರು. ಎರಡು ಮಾತು ಕೂಡಿದೊಡನೆ ವಿಷಯ ತಿಳಿಯಿತು: ಹುಡುಗನಿಗೆ ದೂರದ ಅಕ್ಷರ ಕಾಣುತ್ತಿರಲಿಲ್ಲ! ಅರ್ಧ ನಮಗೆ ತಿಳಿದಿತ್ತು, ಅರ್ಧ ಮನೆಗೆ ತಿಳಿದಿತ್ತು. ನಾಲ್ಕು ತಿಂಗಳು ಆ ಎರಡು ಅರ್ಧಗಳು ಕೂಡಲಿಲ್ಲ. ಅಂಕ ಕಡಿಮೆಯೆಂದರೆ ಓದು ಬಿಡಿಸಿ ಕೆಲಸಕ್ಕೆ ಹಚ್ಚುವರೆಂಬ ಹೆದರಿಕೆಯಿಂದ ಅವನು ಸಹಿ ಹಾಕಿಕೊಂಡಿದ್ದನು. ತಂದೆ ಹಾಗೇನೂ ಮಾಡಲಿಲ್ಲ. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಕನ್ನಡಕ ಬಂದರೂ ಅಂಕಗಳು ಒಮ್ಮೆಲೇ ಏರಲಿಲ್ಲ. ಕಳೆದುಹೋದ ನಾಲ್ಕು ತಿಂಗಳ ಬೀಜಗಣಿತವನ್ನು ಅವನು ಮೊದಲಿನಿಂದ ಕಲಿಯಬೇಕಾಯಿತು.

ತಪ್ಪು ಅವನೊಬ್ಬನದಲ್ಲ. ಆ ಮನೆಗೆ ಅದುವರೆಗೆ ನಾವು ಕಳುಹಿಸಿದ್ದ ಪತ್ರಗಳೆಲ್ಲ ದೂರಿನ ಪತ್ರಗಳೇ. ಅವನು ಓಟದ ಸ್ಪರ್ಧೆಯಲ್ಲಿ ಗೆದ್ದಾಗ ಒಂದು ಸಾಲನ್ನೂ ಬರೆದಿರಲಿಲ್ಲ. ಶಾಲೆಯಿಂದ ಪತ್ರ ಬಂದರೆ ಕೆಟ್ಟ ಸುದ್ದಿಯೇ ಎಂದು ಮನೆಯವರು ತಿಳಿದರೆ ಆಶ್ಚರ್ಯವೇನು?

ದೂತನ ಧರ್ಮ

ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ನೀವು ಇತಿಹಾಸದಲ್ಲಿ ಓದಿರುವಿರಿ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆಯಿತು. ಆರ್. ಶಾಮಾಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಗೊತ್ತುಪಡಿಸಿದ ಕೆಲಸಕ್ಕಷ್ಟೇ ಹೋಗುವ ಪರಿಮಿತಾರ್ಥ, ಬರೆದ ಪತ್ರವನ್ನು ಮುಟ್ಟಿಸುವ ಶಾಸನಹರ. ಆಯುಧಗಳು ಎದುರಿಗೆ ಎತ್ತಿದ್ದರೂ ದೂತನು ಹೇಳಿಕಳುಹಿಸಿದುದನ್ನು ಹೇಳಿದಂತೆಯೇ ಹೇಳಬೇಕು. ಆ ಮಾತು ಅವನದಲ್ಲವಾದುದರಿಂದ ಅವನನ್ನು ಕೊಲ್ಲತಕ್ಕದ್ದಲ್ಲ. ಇವೆರಡೂ ಅಲ್ಲಿಯ ನಿಯಮಗಳು.

ಪ್ರಗತಿಪುಸ್ತಕವನ್ನು ಒಯ್ಯುವಾಗ ನೀವು ಶಾಸನಹರರು. ಅದನ್ನು ತಿದ್ದುವ, ಬಚ್ಚಿಡುವ ಅಧಿಕಾರ ನಿಮಗಿಲ್ಲ. ಹಾಗೆಯೇ ಪುಸ್ತಕವನ್ನು ತಂದುಕೊಟ್ಟ ಕೈಯನ್ನು ಹೊಡೆಯಬಾರದೆಂಬುದು ಪಾಲಕರಿಗೆ ಅನ್ವಯಿಸುವ ನಿಯಮ. ಎರಡನೆಯದನ್ನು ಪಾಲಿಸಿದ ಮನೆಯಲ್ಲಿ ಮೊದಲನೆಯದು ತಾನಾಗಿ ಪಾಲಿತವಾಗುವುದು.

ಆಚರಿಸತಕ್ಕ ಕ್ರಮ

1. ಪುಸ್ತಕ ದೊರೆತ ದಿನವೇ ಮನೆಯಲ್ಲಿ ಕೊಡಿರಿ. ತಂದೆಗೆ ರಾತ್ರಿಪಾಳಿಯಿದ್ದರೆ ತಾಯಿಗೆ ಹೇಳಿ, ಪುಸ್ತಕವನ್ನು ಅವರ ಊಟದ ತಟ್ಟೆಯ ಬಳಿ ಇಡಿರಿ.

2. ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಸೂಚನೆ ಬಂದರೆ ಅದನ್ನು ಕನ್ನಡದಲ್ಲಿ ಓದಿ ಹೇಳಿರಿ. ಅಕ್ಷರ ಬಾರದ ತಾಯಿಯ ಹೆಬ್ಬೆಟ್ಟಿನ ಗುರುತು ನಿಮ್ಮ ಸುಂದರವಾದ ಸುಳ್ಳು ಸಹಿಗಿಂತ ಸಾವಿರ ಪಾಲು ಮೇಲು.

3. ಕಡಿಮೆ ಬಂದ ಅಂಕವನ್ನು ಮೊದಲು ಹೇಳಿ, ಕಾರಣವನ್ನು ಹೇಳಿ, ಬಳಿಕ ಹೆಚ್ಚು ಬಂದುದನ್ನು ಹೇಳಿರಿ.

4. ನಾಟಕದ ತಾಲೀಮು, ಆಟ, ಸ್ನೇಹಸಮ್ಮೇಳನ, ಪ್ರವಾಸ ಇವುಗಳ ಸುದ್ದಿಯೂ ಮುಖ್ಯವೇ. ಎಷ್ಟು ಗಂಟೆಗೆ ಮುಗಿಯುವುದು, ಸಂಗಡ ಯಾರಿರುವರು, ಖರ್ಚೆಷ್ಟು, ಈ ಮೂರನ್ನು ಮುಂಚಿತವಾಗಿ ತಿಳಿಸಿರಿ. ಹೆಣ್ಣುಮಕ್ಕಳಿಗೆ ಆಟದ ಅಪ್ಪಣೆ ಸಿಗದಿರುವುದು ಎಷ್ಟೋ ಸಲ ಈ ಮೂರು ತಿಳಿಯದಿರುವುದರಿಂದಲೇ.

5. ಮನೆಯ ಸುದ್ದಿಯನ್ನೂ ಶಾಲೆಗೆ ತನ್ನಿರಿ. ತಾಯಿಗೆ ಕಾಯಿಲೆ, ತಂದೆಯ ಕೆಲಸ ಹೋಯಿತು, ಮನೆ ಬದಲಾಯಿತು ಎಂಬುದು ತಿಳಿದರೆ ಗೃಹಪಾಠ ಏಕಾಗಲಿಲ್ಲವೆಂದು ನಾವು ಗದರಿಸುವುದಿಲ್ಲ.

ಈಗ ಮೊಬೈಲಿನ ಗುಂಪಿಗೆ ಸೂಚನೆ ಬರುವುದು, ದೂತನೇಕೆ ಎಂದು ನೀವು ಕೇಳಬಹುದು. ಎಷ್ಟೋ ಮನೆಗಳಲ್ಲಿ ಆ ಮೊಬೈಲು ಸಂಜೆಯೆಲ್ಲ ಇರುವುದು ನಿಮ್ಮ ಕೈಯಲ್ಲಿಯೇ! ಸೂಚನೆಯನ್ನು ತೆರೆದು ನೋಡುವವರೂ ನೀವೇ, ಅಳಿಸಬಲ್ಲವರೂ ನೀವೇ. ಯಂತ್ರ ಹೊಸದಾದರೂ ದೂತನ ಧರ್ಮ ಹಳೆಯದೇ.

ನಾವು ನಿಮಗೊಂದು ಮಾತು ಕೊಡುವೆವು. ನಿಮ್ಮಲ್ಲಿ ಕಂಡ ಒಳ್ಳೆಯದನ್ನೂ ನಿಮ್ಮ ಮನೆಗೆ ಕನ್ನಡದಲ್ಲಿ ಬರೆದು ತಿಳಿಸುವೆವು. ಸಭೆಗೆ ಬರಲಾಗದ ಪಾಲಕರು ತಮಗೆ ಬಿಡುವಾದ ಹೊತ್ತನ್ನು ಹೇಳಿಕಳುಹಿಸಿದರೆ ಆ ಹೊತ್ತಿಗೆ ಕಾದಿರುವೆವು. ನೀವು ಮಾಡಬೇಕಾದುದು ಒಂದೇ: ಪುಸ್ತಕವನ್ನು ತೆರೆದು ಅವರ ಮುಂದಿಡುವುದು.

ಅಭ್ಯಾಸ

1. ಈ ವಾರ ಶಾಲೆಯಲ್ಲಿ ನಡೆದುದನ್ನು ಐದು ವಾಕ್ಯಗಳಲ್ಲಿ ಬರೆದು ಮನೆಯಲ್ಲಿ ಓದಿ ಹೇಳಿರಿ. ಅವುಗಳಲ್ಲಿ ಒಂದಾದರೂ ನೀವು ಮುಚ್ಚಿಡಬೇಕೆಂದಿದ್ದುದು ಇರಲಿ.

2. ಜೂನಿನಿಂದ ಇಂದಿನವರೆಗೆ ಶೇಕಡಾ ಎಷ್ಟು ದಿನ ಹಾಜರಾಗಿರುವಿರಿ? ಲೆಕ್ಕ ಹಾಕಿ ತಂದೆಗೆ ತೋರಿಸಿರಿ.

3. ಈ ಪಾಠವನ್ನು ತಾಯಿಯ ಮುಂದೆ ಗಟ್ಟಿಯಾಗಿ ಓದಿ, ಅವರು ಹೇಳಿದುದನ್ನು ನಮಗೆ ಬಂದು ತಿಳಿಸಿರಿ.