ದುರ್ಬೀನು: ಚಿಕ್ಕದೋ, ದೊಡ್ಡದೋ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧ. ಆದರೂ ನಮ್ಮ ಬಾಗೂರು ಕಡೆ ಹೊಲ ಕಾಯೋರಿಗೆ ದುರ್ಬೀನು ಬೇಕು. ಬದುವಿನ ಮೇಲಿರುವುದು ಕರಡಿಯೋ ಕರಿಕಲ್ಲೋ ಅಂತ ದೂರದಿಂದಲೇ ತಿಳೀಬೇಕಲ್ಲ!

ದುರ್ಬೀನಿನ ಮೇಲೆ 8×25, 8×42 ಎಂದಿರುತ್ತದೆ. ಮೊದಲಿನದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆಂಬ ಲೆಕ್ಕ, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. ಅಗಲವನ್ನು ಪಟ್ಟಿನಿಂದ ಭಾಗಿಸಿ. ಚಿಕ್ಕದರಲ್ಲಿ 3 ಚಿಲ್ಲರೆ, ದೊಡ್ಡದರಲ್ಲಿ 5 ಚಿಲ್ಲರೆ ಬರುತ್ತದೆ. ಕಣ್ಣಿಗೆ ಬೀಳುವ ಬೆಳಕಿನ ದಪ್ಪ ಇದು. ಮುಸ್ಸಂಜೆಗೆ ನಮ್ಮ ಕಣ್ಣಿನ ಪಾಪೆ 5 ಮಿ.ಮೀ. ಆಸುಪಾಸು ಅರಳುತ್ತದೆ. ಆಗ ಚಿಕ್ಕದರಲ್ಲಿ ಎಲ್ಲಾ ಮಸುಕು. ಕರಡಿ, ಹಂದಿ ಹೊರಡುವುದೂ ಆ ಹೊತ್ತಿಗೇ.

ಹಗಲು ತೆಂಗಿನ ಸುಳಿ ನೋಡೋದಕ್ಕೆ ಚಿಕ್ಕದೇ ಸಾಕು, ಜೇಬಿನಲ್ಲಿ ಕೂರುತ್ತದೆ. ಒಂದೇ ಕೊಳ್ಳುವುದಾದರೆ, ತೂಕವಾದರೂ ನನ್ನ ಮತ ದೊಡ್ಡದಕ್ಕೆ. ಅಂಗಡಿಗೆ ಸಂಜೆ ಹೋಗಿ, ಹೊರಗೆ ನಿಂತು ನೋಡಿ ಕೊಳ್ಳಿ.